ಹೂಂ ಎಂದವಳು ನಾನು

ನನ್ನ ಉಮ್ಮನಿಗೆ ಕುರ್‌ಆನ್ ಓದಲು ಚೆನ್ನಾಗಿ ಬರುತ್ತದೆ. ಕನ್ನಡ ಅಕ್ಷರ ಬರುವುದಿಲ್ಲ, ಇಂಗ್ಲಿಷಂತೂ ದೂರದ ಮಾತು. ಸಕ್ಕರೆ ಕಾಯಿಲೆ ಶುರುವಾದಂದಿನಿಂದ ಆಸ್ಪತ್ರೆಗೆ ಅವರ ಜೊತೆ ಹೋಗುವವಳು ನಾನೇ.

ರಮಝಾನಿಗೆ ಹತ್ತು ದಿನ ಇರುವಾಗ ಮಂಗಳೂರಿನ ಒಂದು ಆಸ್ಪತ್ರೆಗೆ ಹೋಗಿದ್ದೆವು. ಹೊರಗೆ ಕಾದದ್ದು ಎರಡು ಗಂಟೆ, ಒಳಗೆ ಇದ್ದದ್ದು ಮೂರು ನಿಮಿಷ. ಡಾಕ್ಟರು ಚೀಟಿಯಲ್ಲಿ ಗ್ಲಿಮೆಪಿರೈಡ್ ಎಂದು ಬರೆದು ಪಕ್ಕದಲ್ಲಿ 1-0-0 ಎಂದು ಹಾಕಿದರು. "ಗೊತ್ತಾಯ್ತಲ್ಲ?" ಎಂದರು. ಉಮ್ಮ ನನ್ನ ಮುಖ ನೋಡಿದರು. ನಾನು "ಹೂಂ ಡಾಕ್ಟ್ರೇ" ಎಂದೆ. ಬೆಳಿಗ್ಗೆ ಒಂದು ಮಾತ್ರೆ, ಅದರಲ್ಲಿ ಗೊತ್ತಾಗದ್ದೇನಿದೆ? ಉಪವಾಸದ ವಿಷಯ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಉಪವಾಸ ಹಿಡಿಯುವವರಿಗೆ ಬೆಳಿಗ್ಗೆ ಎಂದರೆ ಸಹರಿಯೇ. ಉಮ್ಮ ಒಂದು ಲೋಟ ಚಹಾ, ಎರಡು ತುಂಡು ಬ್ರೆಡ್ಡಿನ ಜೊತೆ ಮಾತ್ರೆ ನುಂಗುತ್ತಿದ್ದರು. ನಾಲ್ಕನೆಯ ದಿನ ಅಸರ್ ನಮಾಝಿಗೆ ಎದ್ದವರು ಗೋಡೆ ಹಿಡಿದು ನಿಂತರು. ಮೈಯೆಲ್ಲ ಬೆವರು, ಕೈ ನಡುಕ. ಗ್ಲುಕೋಮೀಟರ್ 54 ತೋರಿಸಿತು. ಸಕ್ಕರೆ ನೀರು ಹಿಡಿದರೆ ತುಟಿ ಬಿಗಿದುಕೊಂಡು, "ಮಗ್ರಿಬಿಗೆ ಇನ್ನು ಎರಡು ಗಂಟೆ ತಾನೇ" ಎಂದರು. ಕಾಯಿಲೆಯವರಿಗೆ ಉಪವಾಸದಲ್ಲಿ ರಿಯಾಯಿತಿ ಇದೆಯೆಂದು ನನಗೆ ಕಲಿಸಿದವರೇ ಅವರು! ಗದರಿಸಿ ಕುಡಿಸಬೇಕಾಯಿತು.

ಮರುದಿನ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ಅಲ್ಲಿಯ ಡಾಕ್ಟರು ಮಾತ್ರೆಯ ಪ್ರಮಾಣ ಇಳಿಸಿ, ಅದನ್ನು ಇಫ್ತಾರಿನ ಹೊತ್ತಿಗೆ ಬದಲಾಯಿಸಿ, ನಮ್ಮನ್ನು ಸಿಸ್ಟರ್ ಬಳಿ ಕಳಿಸಿದರು. ಬೆರಳು ಚುಚ್ಚಿ ರಕ್ತ ನೋಡಿದರೆ ಉಪವಾಸಕ್ಕೇನೂ ಆಗುವುದಿಲ್ಲ, 70ಕ್ಕಿಂತ ಕೆಳಗಿಳಿದರೆ ಗಂಟೆ ನೋಡದೆ ಉಪವಾಸ ಮುರಿಯಬೇಕು ಎಂದೆಲ್ಲ ಸಿಸ್ಟರ್ ವಿವರಿಸಿದರು. ಆಮೇಲೆ ಗೊತ್ತಾಯ್ತಾ ಎಂದು ಕೇಳಲಿಲ್ಲ. "ಈಗ ನೀವು ನನಗೆ ಹೇಳಿ ನೋಡುವ ಅಮ್ಮಾ, ನಾಳೆ ಏನು ಮಾಡ್ತೀರಿ?" ಎಂದರು.

"ಸಹರಿಗೆ ಮಾತ್ರೆ..." ಎಂದು ಉಮ್ಮ ಶುರು ಮಾಡಿದರು. ತಿದ್ದಲು ನಾನು ಬಾಯಿ ತೆರೆದೆ. ಸಿಸ್ಟರ್ ಕೈಸನ್ನೆಯಲ್ಲೇ ನನ್ನನ್ನು ತಡೆದರು.

"ನಾನು ಹೇಳಿದ್ದು ಸರಿಯಾಗಲಿಲ್ಲ ಅಮ್ಮಾ, ಇನ್ನೊಮ್ಮೆ ಹೇಳ್ತೇನೆ."

ಮಾತ್ರೆಯ ಕವರಿನ ಮೇಲೆ ಪೆನ್ನಿನಲ್ಲಿ ಒಂದು ಖರ್ಜೂರದ ಚಿತ್ರ ಬಿಡಿಸಿದರು. ಅದು ಜಿರಳೆಯಂತೆ ಕಾಣುತ್ತಿತ್ತು, ಉಮ್ಮ ನಕ್ಕುಬಿಟ್ಟರು. ಮೂರನೆಯ ಸಲಕ್ಕೆ ಎಲ್ಲವನ್ನೂ ಸರಿಯಾಗಿ ಹೇಳಿದರು. ಇಷ್ಟಕ್ಕೂ ಹಿಡಿದದ್ದು ಐದು ನಿಮಿಷ.

ಔಷಧಿಯ ಹೆಸರನ್ನು ಓದಲು ಬರುವಂತೆ, ಆದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಆಗಿನ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ನಿಯಮ ಮಾಡಿತ್ತು. ಒಳ್ಳೆಯದೇ. ಆದರೆ ಆ ದೊಡ್ಡಕ್ಷರ ಇಂಗ್ಲಿಷಿನದು. ಅದರಿಂದ ಉಪಕಾರವಾಗುವುದು ಮೆಡಿಕಲ್ ಶಾಪಿನವನಿಗೆ, ನನ್ನಂಥವರಿಗೆ. ಓದು ಬರುತ್ತದೆಂಬ ಧೈರ್ಯದಲ್ಲಿ ಉಮ್ಮನ ಪರವಾಗಿ ಎಷ್ಟು ಸಲ ಹೂಂ ಎಂದಿದ್ದೇನೋ, ಈಗ ನೆನೆದರೆ ಹೆದರಿಕೆಯಾಗುತ್ತದೆ.

ಹಬ್ಬ ಕಳೆದು ಮತ್ತೆ ಮಂಗಳೂರಿಗೆ ಹೋದೆವು. ಅದೇ ಡಾಕ್ಟರು, ಅದೇ "ಗೊತ್ತಾಯ್ತಲ್ಲ?" ನಾನು ಸುಮ್ಮನಿದ್ದೆ.

"ನಾನೊಮ್ಮೆ ಹೇಳ್ತೇನೆ ಡಾಕ್ಟ್ರೇ, ಸರಿ ಉಂಟಾ ನೋಡಿ" ಎಂದರು ಉಮ್ಮ.

ಮುಂದಿನ ಚೀಟಿಗೆ ಕೈ ಹಾಕಿದ್ದ ಡಾಕ್ಟರು ಪೆನ್ನು ಕೆಳಗಿಟ್ಟರು.