ಕೈಯಿಂದ ಕೈಗೆ

ಪರವೂರಿನಲ್ಲಿ ಮಾಡುವ ಕೆಲಸವೂ ಪರಕೀಯವಾಗಿಬಿಡುತ್ತದೆ. ಊರಿನಲ್ಲಿ ಇಂಥವರ ಮಗನಾಗಿದ್ದ ನಾನು ಮುಂಬಯಿಗೆ ವರ್ಗವಾದ ಮೇಲೆ ಪಿಂಚಣಿ ಕಾಗದಗಳಿಗೆ ಮೊಹರೊತ್ತುವ ಕೈ ಮಾತ್ರವಾದೆ. ಎಲ್ಲಿಂದಲೋ ಬಂದ ಕಡತ ಎಲ್ಲಿಗೋ ಹೋಗುತ್ತಿತ್ತು. ಇಷ್ಟಕ್ಕಾಗಿ ಮನೆ ಬಿಟ್ಟು ಬರಬೇಕಿತ್ತೆ ಎನ್ನಿಸುತ್ತಿತ್ತು.

ನನಗೆ ಸಮಾಧಾನ ಕಲಿಸಿದವರು ಡಬ್ಬಾವಾಲಾಗಳು. ಸುಮಾರು 1890ರಿಂದ ನಡೆದುಬಂದಿರುವ ಕಾಯಕ ಅವರದು. ಚರ್ಚ್‌ಗೇಟ್ ನಿಲ್ದಾಣದ ಹೊರಗೆ ಬಿಳಿ ಟೋಪಿಯವರು ಊಟದ ಡಬ್ಬಿಗಳನ್ನು ವಿಂಗಡಿಸುವುದನ್ನು ನಿಂತು ನೋಡಬೇಕು. ಮುಚ್ಚಳದ ಮೇಲೆ ಒಂದಿಷ್ಟು ಅಕ್ಷರ, ಅಂಕಿ, ಬಣ್ಣ, ಅದೇ ವಿಳಾಸ. ಮನೆಯಿಂದ ತರುವವನೊಬ್ಬ, ರೈಲಿನಲ್ಲಿ ಸಾಗಿಸುವವನೊಬ್ಬ, ಕಚೇರಿಗೆ ಮುಟ್ಟಿಸುವವನು ಮತ್ತೊಬ್ಬ. ಅಡುಗೆ ಮಾಡಿದಾಕೆಯನ್ನು ಕಂಡವನು ಉಣ್ಣುವವನನ್ನು ಕಂಡಿರಲಾರ. ಆದರೂ ಅನ್ನ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ. ನಡುವಿನವನು ಬೇಸತ್ತು ಕುಳಿತನೋ, ಯಾರಿಗೋ ಅಂದು ಉಪವಾಸ!

ನಾನೂ ಅಂಥ ನಡುವಿನವನೇ ಅಲ್ಲವೆ? ನನ್ನ ಮೇಜಿನಿಂದಾಚೆ ಯಾವಳೋ ಮುದುಕಿ ತಿಂಗಳ ಹಣಕ್ಕಾಗಿ ಕಾದಿದ್ದಾಳೆ. ಆಕೆಯ ಮುಖ ನಾನರಿಯೆ, ನನ್ನ ಹೆಸರು ಆಕೆಯರಿಯಳು. ನನ್ನ ಪಾಲಿನ ನಾಲ್ಕು ಹೆಜ್ಜೆ ನಾನು ನಡೆದರೆ ಆಕೆಯ ಒಲೆ ಉರಿಯುತ್ತದೆ. ಈಗ ಸಂಜೆ ಐದಕ್ಕೆ ಕಡತವೊಂದು ಬಂದರೆ ನಾಳೆಗೆಂದು ಬದಿಗಿಡಲು ಮನಸ್ಸೊಪ್ಪುವುದಿಲ್ಲ. ಗುರುತಿಲ್ಲದವರ ಊರೆಂದು ಮುಂಬಯಿಯನ್ನು ಬಯ್ಯುವುದೂ ನಿಂತಿದೆ. ಗುರುತಿಲ್ಲದವರೇ ಅಲ್ಲವೆ ಇಲ್ಲಿ ಒಬ್ಬರಿಗೊಬ್ಬರು ಅನ್ನ ಮುಟ್ಟಿಸುವವರು?