ಜಪಾನಿನಲ್ಲಿ ಓಡಿ ಬಂದ ಕಾರು

ನ್ಯೂಜಿಲೆಂಡಿನಲ್ಲಿ ಈಗ ಕಾರು ತಯಾರಾಗುವುದಿಲ್ಲ. ಥೇಮ್ಸ್ ಊರಿನಲ್ಲಿ ಟೊಯೊಟಾ, ನೆಲ್ಸನ್‌ನಲ್ಲಿ ಹೋಂಡಾ, ಪೊರಿರುವಾದಲ್ಲಿ ಮಿತ್ಸುಬಿಷಿ ಬಿಡಿಭಾಗ ತರಿಸಿ ಜೋಡಿಸುತ್ತಿದ್ದವು. 1998ರಲ್ಲಿ ಸರ್ಕಾರ ಕಾರುಗಳ ಆಮದು ಸುಂಕ ತೆಗೆದುಹಾಕಿತು, ಅದೇ ವರ್ಷ ಮೂರೂ ಕಡೆ ಬೀಗ ಬಿತ್ತು. ಎಷ್ಟೋ ಮನೆಗಳ ಸಂಬಳ ಹೋಯಿತು ಅನ್ನುವುದನ್ನು ಮರೆತು ಅಗ್ಗದ ಕಾರಿನ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಜಪಾನಿನ ಹಳೇ ಕಾರುಗಳು ಅದಕ್ಕೂ ಹತ್ತು ವರ್ಷ ಮೊದಲಿನಿಂದಲೇ ಹಡಗೇರಿ ಬರುತ್ತಿದ್ದವು. ಅಲ್ಲೂ ಇಲ್ಲೂ ಎಡಗಡೆ ಸಂಚಾರ, ಬಲಗಡೆ ಸ್ಟೀರಿಂಗ್. ಇಳಿಸಿಕೊಂಡರೆ ಓಡಿಸುವುದೇ.

ಆಕ್ಲೆಂಡ್‌ನಲ್ಲಿ ನಾನು ಓಡಿಸುವ ಮಾರ್ಕ್ ಎಕ್ಸ್ ಅಂಥದ್ದೇ ಒಂದು. ಟೊಯೊಟಾ ಈ ಸೆಡಾನನ್ನು ಇಲ್ಲಿ ಹೊಸದಾಗಿ ಮಾರಲೇ ಇಲ್ಲ. 1968ರ ಮಾರ್ಕ್ 2ರ ವಂಶ ಇದು. 2004ರಲ್ಲಿ ಹೆಸರು ಬದಲಾಯಿತು, 2019ರ ಡಿಸೆಂಬರಿನಲ್ಲಿ ತಯಾರಿಕೆಯೇ ನಿಂತಿತು. 2.5 ಲೀಟರಿನ ವಿ6 ಎಂಜಿನ್, ಎಳೆತ ಪೂರಾ ಹಿಂದಿನ ಚಕ್ರಗಳದ್ದು. ಅಂಬಾಸಿಡರ್‌ನಲ್ಲಿ ಡ್ರೈವಿಂಗ್ ಕಲಿತವನಿಗೆ ಹಿಂದಿನ ಚಕ್ರದ ಗಾಡಿ ಹೊಸದಲ್ಲ. ಆದರೆ ಕೈಮಾಯ್ ಬೆಟ್ಟದ ತಿರುವು ಮುಗಿದು ಏರು ಶುರುವಾಗುವಲ್ಲಿ ಆಕ್ಸಿಲರೇಟರ್ ಮೆಲ್ಲಗೆ ಒತ್ತಿದರೆ ಬೆನ್ನಹಿಂದಿನಿಂದ ಯಾರೋ ನೂಕಿದ ಹಾಗೆ, ಒಂದಿಷ್ಟೂ ಕುಲುಕದೆ ಇದು ಮುಂದಕ್ಕೆ ಸರಿಯುತ್ತದಲ್ಲ, ಆ ಸುಖವೇ ಬೇರೆ.

‘ಅಷ್ಟು ದೂರ ಹೋಗಿ ಯಾರೋ ಓಡಿಸಿ ಬಿಟ್ಟ ಗಾಡಿ ತಗೊಂಡ್ಯಲ್ಲೋ’ ಎಂದು ಊರಿನಿಂದ ಚಿಕ್ಕಪ್ಪ ಫೋನಿನಲ್ಲಿ ಬೇಸರಪಟ್ಟಿದ್ದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಜಪಾನಿನವರು ಕಾರು ಕೆಟ್ಟಿತೆಂದೇ ಮಾರುವುದಿಲ್ಲ. ಅಲ್ಲಿ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆಯಿದೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ. ಪ್ರತಿ ಸಲವೂ ದೊಡ್ಡ ಖರ್ಚು. ಪೆಟ್ರೋಲ್ ಕಾರಿಗೆ ಹದಿಮೂರು ವರ್ಷ ದಾಟಿದರೆ ತೆರಿಗೆಯೂ ಏರುತ್ತದೆ. ಹಾಗಾಗಿ ಚೆನ್ನಾಗಿರುವಾಗಲೇ ಹರಾಜಿಗೆ ಕಳಿಸುತ್ತಾರೆ.

ಆ ಹರಾಜಿನ ಹಾಳೆ ನನ್ನ ಬಳಿ ಇದೆ. ಕಾರಿನ ರೇಖಾಚಿತ್ರದ ಮೇಲೆ ತಪಾಸಣೆ ಮಾಡಿದವರು ಪೆನ್ನಿನಲ್ಲಿ ಗುರುತು ಹಾಕಿದ್ದಾರೆ: ಎಡ ಹಿಂಬಾಗಿಲಲ್ಲಿ ಎ1, ಅಂದರೆ ಸಣ್ಣ ಗೀರು, ಬಂಪರಿನ ಮೂಲೆಯಲ್ಲಿ ಯು1, ಸಣ್ಣ ತಗ್ಗು. ಬೆರಳಾಡಿಸಿ ಹುಡುಕಿದರೆ ಮಾತ್ರ ಆ ಗೀರು ಸಿಗುತ್ತದೆ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಆಯಿಲ್ ಬದಲಿಸಿದ ಚೀಟಿ. ಅದರಲ್ಲಿ ಹೈಸೇ 24 ಎಂದು ಜಪಾನಿ ಲೆಕ್ಕದ ವರ್ಷ, ನಮ್ಮ 2012. ಪಕ್ಕದಲ್ಲಿ ಕಿಲೋಮೀಟರ್, ಕೈಬರಹದಲ್ಲಿ. ಮೀಟರ್ ತಿರುಗಿಸಿ ಮಾರುವ ಮೋಸವೂ ಈ ವ್ಯಾಪಾರದಲ್ಲಿ ಇರುವುದರಿಂದ ಇಂಥ ಚೀಟಿಯ ಮೇಲೆ ನನಗೆ ಬಹಳ ಗೌರವ. ಮುಖ ನೋಡದ ಯಾರೋ ಈ ಕಾರನ್ನು ಜತನದಿಂದ ನೋಡಿಕೊಂಡಿದ್ದಾರೆ. ಅವರಿಗೆ ನಾನು ಋಣಿ.

ತಾಪತ್ರಯ ಇಲ್ಲವೆಂದಲ್ಲ. ಜಪಾನಿನ ಎಫ್‌ಎಂ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಇದ್ದ ಕಾಲದ ರೇಡಿಯೊ ಇದು. ಇಲ್ಲಿನ ಸ್ಟೇಷನ್ನುಗಳು 108ರವರೆಗೆ ಹರಡಿವೆ. ನಡುವೆ ಬ್ಯಾಂಡ್ ಎಕ್ಸ್‌ಪಾಂಡರ್ ಎಂಬ ಪುಟ್ಟ ಡಬ್ಬಿ ಹಾಕಿಸಬೇಕು. ನ್ಯಾವಿಗೇಶನ್ನಿನಲ್ಲಿ ಜಪಾನಿನ ನಕ್ಷೆ, ಇಲ್ಲಿಗೆ ಅದು ಉಪಯೋಗವಿಲ್ಲ. ಹಡಗಿನ ಮೇಲೂ ಭರವಸೆ ಇಡುವಂತಿಲ್ಲ: 2018ರ ಫೆಬ್ರವರಿಯಲ್ಲಿ ಗಬ್ಬುವಾಸನೆಯ ತಿಗಣೆ ಜಾತಿಯ ಕೀಟ ಸಿಕ್ಕಿತೆಂದು ಜಪಾನಿನ ಕಾರು ತುಂಬಿದ ಹಡಗುಗಳನ್ನೇ ಆಕ್ಲೆಂಡ್‌ನಿಂದ ವಾಪಸು ಅಟ್ಟಿದರು. ಹಣ್ಣಿನ ತೋಟಗಳನ್ನು ನೆಚ್ಚಿದ ದೇಶ, ಮಾಡಿದ್ದು ಸರಿಯೇ.

ಬಿಡಿಭಾಗದ ಅಂಗಡಿಯಲ್ಲಿ ಮಾರ್ಕ್ ಎಕ್ಸ್ ಎಂದರೆ ಸಾಲದು, ಜಿಆರ್‌ಎಕ್ಸ್130 ಎಂದು ಚಾಸಿ ಕೋಡ್ ಹೇಳಬೇಕು. ಆಗ ಕೌಂಟರಿನ ಹುಡುಗನ ಮುಖ ಅರಳುತ್ತದೆ. ಅವನೇ ಎಚ್ಚರಿಸಿದ್ದು: ಈ ಎಂಜಿನ್ನಿನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮುವುದರಿಂದ ಇನ್‌ಟೇಕ್ ವಾಲ್ವ್ ತೊಳೆದುಕೊಳ್ಳುವುದಿಲ್ಲ, ಮಸಿ ಕಟ್ಟುತ್ತದೆ ಎಂದು. ಇದನ್ನು ಮಾರುವ ಯೋಚನೆ ನನಗಿಲ್ಲ. ಬರುವ ಬೇಸಿಗೆಯಲ್ಲಿ ಇನ್‌ಟೇಕ್ ಬಿಚ್ಚಿಸಿ ಮಸಿ ತೆಗೆಸಬೇಕು, ಜೊತೆಗೇ ವಾಟರ್ ಪಂಪನ್ನೂ ಬದಲಿಸಬೇಕು. ಗ್ಯಾಸ್ಕೆಟ್ಟುಗಳಿಗೆ ಜಪಾನಿಗೆ ಆರ್ಡರ್ ಕೊಟ್ಟಾಗಿದೆ.