ಹಿಂದೆ ಬರುವವರ ದೀಪ

ಸಂಜೆ ಆರೂ ಕಾಲು. ಮಾರ್ಗಶಿರದ ಹೊತ್ತು ಬೇಗ ಇಳಿದಿದೆ. ಜಾವಗಲ್ಲಿನ ಹೊರಗೆ, ರಾಷ್ಟ್ರೀಯ ಹೆದ್ದಾರಿ 73ರ ಪಕ್ಕದ ತಗಡಿನ ಶೆಡ್ಡಿನ ಮುಂದೆ ನೀವು ನಿಂತಿದ್ದೀರಿ. ಎದುರಿಗೆ ಒಂದು ಟ್ರ್ಯಾಕ್ಟರು, ಅದರ ಬೆನ್ನಿಗೆ ಟ್ರೈಲರು. ಬೆಳಿಗ್ಗೆ ಕೊಬ್ಬರಿ ಹೊತ್ತು ಅರಸೀಕೆರೆ ಎಪಿಎಂಸಿಗೆ ಹೋಗಿದ್ದದ್ದು ಈಗ ಬೂಸಾ, ಹಿಂಡಿಯ ಮೂಟೆ ಹೇರಿಕೊಂಡು ಹಳೇಬೀಡಿನ ಆಚೆಯ ಊರಿಗೆ ಮರಳುತ್ತಿದೆ. ಮರಳಬೇಕಾದರೆ ಹಿಂದಿನ ದೀಪ ಸರಿಯಾಗಬೇಕು.

ಡ್ರೈವರ್ ಹುಡುಗ ಎಡಗಡೆ ಇಂಡಿಕೇಟರ್ ಹಾಕುತ್ತಾನೆ. ಹಳದಿ ದೀಪ ಮಿಟುಕುತ್ತದೆ, ನಿಜ. ಆದರೆ ಅದು ಮಿಟುಕಿದಾಗಲೆಲ್ಲ ಹಿಂದಿನ ಕೆಂಪು ದೀಪಗಳೂ ಕುಗ್ಗಿ ಏಳುತ್ತವೆ. ಬ್ರೇಕ್ ತುಳಿಯುತ್ತಾನೆ. ಬಲಗಡೆಯ ಬ್ರೇಕ್ ದೀಪ ಮಂಕಾಗಿ ಹೊತ್ತಿಕೊಳ್ಳುತ್ತದೆ, ಜೊತೆಗೆ ಯಾರೂ ಹಾಕದ ಇಂಡಿಕೇಟರುಗಳೂ ತೆಳ್ಳಗೆ ಉರಿಯುತ್ತವೆ. ಎಡಗಡೆಯ ಬ್ರೇಕ್ ದೀಪ ಇಲ್ಲವೇ ಇಲ್ಲ.

"ಬಲ್ಬ್ ಎಲ್ಲಾ ಹೊಸಾದು ಹಾಕ್ಸಿವ್ನಿ ಅಣ್ಣ. ಆದ್ರೂ ಹಿಂಗೇ ಆಡ್ತಾವೆ," ಎನ್ನುತ್ತಾನೆ ಹುಡುಗ.

"ಬಲ್ಬಿನ ತಪ್ಪಲ್ಲ ಕಣಪ್ಪ. ಇನ್ನೊಂದು ಸತಿ ಬ್ರೇಕ್ ತುಳಿ. ಬಿಡಬ್ಯಾಡ."

ಹೇಳಿದವರು ಶೆಡ್ಡಿನ ಯಜಮಾನರು, ಐವತ್ತು ದಾಟಿದ ಎಲೆಕ್ಟ್ರಿಷಿಯನ್. ಪ್ರಾಯದಲ್ಲಿ ಕೆಲವು ವರ್ಷ ಮಂಗಳೂರಿನ ಮೀನುಗಾರಿಕಾ ದಕ್ಕೆಯಲ್ಲಿ ದೋಣಿಗಳ ವೈರಿಂಗ್ ಮಾಡಿ ಬಂದವರು. ಈ ರಸ್ತೆಯ ಪಶ್ಚಿಮದ ತುದಿ ಅದೇ ಮಂಗಳೂರು. ಹಳೇಬೀಡು, ಬೇಲೂರು, ಮೂಡಿಗೆರೆ ದಾಟಿ, ಚಾರ್ಮಾಡಿ ಘಾಟಿ ಇಳಿದರೆ ಕಡಲು. ಅಲ್ಲಿನ ದೋಣಿಯೂ ಇಲ್ಲಿನ ಟ್ರೈಲರೂ ಅವರ ಪಾಲಿಗೆ ಒಂದೇ ಬಗೆಯ ಕೆಲಸ: 12 ವೋಲ್ಟಿನ ಬ್ಯಾಟರಿ, ನಾಲ್ಕಾರು ದೀಪ, ನೀರು, ತುಕ್ಕು.

ಅವರು ಯಾವ ಸ್ಕ್ರೂವನ್ನೂ ಮುಟ್ಟುವುದಿಲ್ಲ. ಮೊದಲು ಒಂದೊಂದೇ ಸ್ವಿಚ್ ಹಾಕಿಸಿ, ಯಾವುದಕ್ಕೆ ಯಾವ ದೀಪ ಹೇಗೆ ಉರಿಯಿತು ಎಂದು ಸೀಮೆಸುಣ್ಣದಲ್ಲಿ ಟ್ರೈಲರಿನ ಹಲಗೆಯ ಮೇಲೆ ಗುರುತು ಹಾಕುತ್ತಾರೆ. ಆಮೇಲೆ ಫ್ಯೂಸ್ ತೆಗೆದು ನೋಡುತ್ತಾರೆ. ಫ್ಯೂಸಿನ ಜಾಗದಲ್ಲಿ ಯಾರೋ ತಾಮ್ರದ ಎಳೆಗಳನ್ನು ಹೊಸೆದು ಸಿಕ್ಕಿಸಿದ್ದಾರೆ. ಅವರ ಮುಖ ಗಂಟಾಗುತ್ತದೆ. ವೈರು ಎಲ್ಲಾದರೂ ಚಾಸಿಗೆ ತಗುಲಿದರೆ ಸುಟ್ಟು ಹೋಗಬೇಕಾದದ್ದು ಫ್ಯೂಸು. ಅದರ ಬದಲು ಇಡೀ ವೈರೇ ಕಾದು, ಮೇಲಿರುವ ಒಣ ಮೂಟೆಗೆ ಬೆಂಕಿ ಹಿಡಿಯಬಹುದು. ಎಳೆಗಳನ್ನು ಕಿತ್ತು ಸರಿಯಾದ ಫ್ಯೂಸ್ ಹಾಕುತ್ತಾರೆ.

ಮುಂದೆ ಟ್ರೈಲರಿನ ಏಳು ಪಿನ್ನಿನ ಪ್ಲಗ್ಗನ್ನು ಟ್ರ್ಯಾಕ್ಟರಿನಿಂದ ಎಳೆದು ಬೇರೆ ಮಾಡುತ್ತಾರೆ. ಕೈಯಲ್ಲಿ ಟೆಸ್ಟ್ ಲ್ಯಾಂಪು. ಹೋಲ್ಡರಿಗೆ ಹಾಕಿದ ಒಂದು 21 ವ್ಯಾಟಿನ ಬಲ್ಬು, ಎರಡು ವೈರು, ಎರಡು ಕ್ಲಿಪ್ಪು, ಅಷ್ಟೇ. ಟ್ರ್ಯಾಕ್ಟರಿನ ಸಾಕೆಟ್ಟಿನಲ್ಲಿ ಒಂದೊಂದೇ ಪಿನ್ನಿಗೆ ತಾಗಿಸುತ್ತಾರೆ. ಎಡ, ಬಲ, ಬ್ರೇಕು, ಹಿಂದೀಪ: ನಾಲ್ಕೂ ಪ್ರಕಾಶವಾಗಿ ಉರಿಯುತ್ತವೆ. ಟ್ರ್ಯಾಕ್ಟರ್ ಚೆನ್ನಾಗಿದೆ. ಹುಡುಕಬೇಕಾದ ಜಾಗ ಒಂದೇ ಏಟಿಗೆ ಅರ್ಧವಾಯಿತು.

ಪ್ಲಗ್ ಮತ್ತೆ ಸಿಕ್ಕಿಸಿ, ಬ್ಯಾಟರಿಯ ನೆಗೆಟಿವ್‌ನಿಂದ ಉದ್ದನೆಯ ವೈರೊಂದನ್ನು ಎಳೆದು ತರುತ್ತಾರೆ. ಹಿಂದೀಪದ ಬುಡದ ಕಬ್ಬಿಣವನ್ನು ಉಪ್ಪುಕಾಗದದಲ್ಲಿ ಉಜ್ಜಿ ಅಲ್ಲಿ ತಾಗಿಸುತ್ತಾರೆ. ಮಂಕಾಗಿದ್ದ ಕೆಂಪು ಒಮ್ಮೆಲೇ ತುಂಬಿಕೊಳ್ಳುತ್ತದೆ. ಇಂಡಿಕೇಟರು ತನ್ನ ಪಾಡಿಗೆ ತಾನು ಮಿಟುಕುತ್ತದೆ. ವೈರು ತೆಗೆದರೆ ಹಳೆಯ ಗೊಂದಲ, ಇಟ್ಟರೆ ಸರಿ.

"ಅರ್ತ್ ಇಲ್ಲ," ಎನ್ನುತ್ತಾರೆ.

ಕಾರಣ ಇಷ್ಟೇ. ಬ್ಯಾಟರಿಯಿಂದ ಹೊರಟ ಕರೆಂಟು ದೀಪ ಉರಿಸಿ ಬ್ಯಾಟರಿಗೇ ವಾಪಸು ಬರಬೇಕು. ಈ ಟ್ರೈಲರಿನಲ್ಲಿ ವಾಪಸು ಬರಲು ವೈರನ್ನೇ ಎಳೆದಿಲ್ಲ. ಕಬ್ಬಿಣದ ಚಾಸಿಯಿಂದ ಕೊಂಡಿಯ ಪಿನ್ನು, ಅಲ್ಲಿಂದ ಟ್ರ್ಯಾಕ್ಟರಿನ ಮೈ, ಹೀಗೆ ಬರುತ್ತದೆ ಎಂದು ನಂಬಿಕೊಂಡಿದ್ದಾರೆ. ಕೊಂಡಿಗೆ ಗ್ರೀಸು ಮೆತ್ತಿದೆ, ಅದರಡಿ ತುಕ್ಕು, ಸುತ್ತ ಹೊಸ ಪೇಂಟು. ದಾರಿ ಮುಚ್ಚಿಹೋಗಿದೆ. ತೂಬು ಕಟ್ಟಿಕೊಂಡ ಕೆರೆಯ ನೀರು ಕಂಡ ಕಂಡ ಗದ್ದೆಗೆ ನುಗ್ಗುವ ಹಾಗೆ, ಬ್ರೇಕ್ ದೀಪದ ಕರೆಂಟು ಸುಮ್ಮನಿದ್ದ ಇಂಡಿಕೇಟರಿನ ತಂತುವಿನೊಳಗೆ ಹಿಮ್ಮುಖವಾಗಿ ನುಗ್ಗಿ, ಟ್ರ್ಯಾಕ್ಟರಿನ ಇಂಡಿಕೇಟರ್ ಬಲ್ಬಿನ ಮೂಲಕ ಮನೆ ಸೇರುತ್ತಿದೆ. ಅದಕ್ಕೇ ಹಾಕದ ದೀಪವೂ ಉರಿಯುವುದು, ಹಾಕಿದ್ದು ಮಂಕಾಗುವುದು. ಯಜಮಾನರು ಮೀಟರಿನ ಒಂದು ಕಡ್ಡಿಯನ್ನು ಟ್ರೈಲರಿನ ಚಾಸಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಇಟ್ಟು ಬ್ರೇಕ್ ತುಳಿಸುತ್ತಾರೆ. ಸೊನ್ನೆಯ ಹತ್ತಿರ ಇರಬೇಕಾದ ಮುಳ್ಳು ನಾಲ್ಕು ವೋಲ್ಟ್ ದಾಟುತ್ತದೆ.

ರಸ್ತೆಯಲ್ಲಿ ಕಾರುಗಳು ಒಂದರ ಹಿಂದೊಂದು ಬೀಸಿ ಹೋಗುತ್ತಿವೆ. 2023ರಲ್ಲಿ ಬೇಲೂರು, ಹಳೇಬೀಡು ಸೋಮನಾಥಪುರದೊಡನೆ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ದೇವಾಲಯ ನೋಡಿ ಮರಳುವವರು, ಅರಸೀಕೆರೆಯಲ್ಲಿ ರಾತ್ರಿಯ ರೈಲು ಹಿಡಿಯಬೇಕಾದವರು, ಎಲ್ಲರಿಗೂ ಇದೇ ದಾರಿ. ಗಂಟೆಗೆ 80 ಕಿಲೋಮೀಟರಿನಲ್ಲಿ ಬರುವ ಕಾರು, 25ರಲ್ಲಿ ಸಾಗುವ ಟ್ರೈಲರಿನತ್ತ ಸೆಕೆಂಡಿಗೆ ಸುಮಾರು 15 ಮೀಟರ್ ಹತ್ತಿರವಾಗುತ್ತದೆ. ತಗ್ಗಿಸಿದ ಹೆಡ್‌ಲೈಟಿನ ಬೆಳಕಿಗೆ 45 ಮೀಟರ್ ದೂರದಲ್ಲಿ ಮೂಟೆಗಳ ಬೆನ್ನು ಕಂಡಿತು ಎಂದುಕೊಳ್ಳಿ. ಉಳಿಯುವುದು ಮೂರು ಸೆಕೆಂಡು. ಬೆಳಗಿನ ಜಾವದ ಮಂಜಿನಲ್ಲಿ ಅದೂ ಇಲ್ಲ.

ಎಡಗಡೆಯ ಬ್ರೇಕ್ ದೀಪ ಮಾತ್ರ ಇನ್ನೂ ಉರಿದಿಲ್ಲ. ಹುಡುಗ ಬಲ್ಬ್ ಬಿಚ್ಚಿ ಹೋಲ್ಡರಿಗೆ ಮೀಟರ್ ಇಡುತ್ತಾನೆ. "ಅಣ್ಣ, ಹನ್ನೆರಡು ತೋರುಸ್ತೈತಲ್ಲ!"

ಯಜಮಾನರು ಅದೇ ಜಾಗಕ್ಕೆ ಟೆಸ್ಟ್ ಲ್ಯಾಂಪ್ ತಾಗಿಸುತ್ತಾರೆ. ಉರಿಯುವುದಿಲ್ಲ. ಮೀಟರಿಗೆ ಬೇಕಾದದ್ದು ತೀರ ಅತ್ಯಲ್ಪ ಕರೆಂಟು. ಒಂದೇ ಒಂದು ಎಳೆ ಉಳಿದಿದ್ದರೂ ಅದು 12 ತೋರಿಸುತ್ತದೆ. 21 ವ್ಯಾಟಿನ ಬಲ್ಬಿಗೆ ಹತ್ತಿರ ಹತ್ತಿರ ಎರಡು ಆಂಪಿಯರ್ ಬೇಕು. ಅಷ್ಟನ್ನು ಹೊರುವ ಶಕ್ತಿ ಆ ಎಳೆಗಿಲ್ಲ.

ಬೆರಳಲ್ಲಿ ವೈರನ್ನು ಸವರುತ್ತಾ ಅವರು ಟ್ರೈಲರಿನ ಕೆಳಗೆ ತೂರುತ್ತಾರೆ. ಟಾರ್ಚ್ ಹಿಡಿಯುವುದು ನೀವು. ಚಾಸಿಯ ತೂತಿನಲ್ಲಿ ವೈರು ಹಾದುಹೋಗುವ ಕಡೆ ರಬ್ಬರ್ ಬುಷ್ ಇಲ್ಲ. ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ ಪ್ಲಾಸ್ಟಿಕ್ ಸವೆದಿದೆ, ಅದರ ಮೇಲೆ ಯಾವಾಗಲೋ ಸುತ್ತಿದ ಟೇಪು, ಟೇಪಿನೊಳಗೆ ನಿಂತ ನೀರು. ಬಿಡಿಸಿದರೆ ಹಸಿರು ಪುಡಿ ಉದುರುತ್ತದೆ. ಅವರು ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸುತ್ತಾ ಹಿಂದೆ ಸರಿಯುತ್ತಾರೆ. ಒಂದು ಗೇಣು ಹೋಯಿತು. ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಸ್ಲೀವ್ ತೊಡಿಸಿ, ತೂತಿಗೆ ಬುಷ್ ಕೂರಿಸುತ್ತಾರೆ.

"ಇನ್ನು ಅರ್ತಿಗೆ ದೋಣಿ ಥರ ಮಾಡಣ," ಎನ್ನುತ್ತಾರೆ.

ಮರದ ಅಥವಾ ಫೈಬರಿನ ದೋಣಿಗೆ ಕಬ್ಬಿಣದ ಮೈಯೇ ಇಲ್ಲ. ಅಲ್ಲಿ ಪ್ರತಿ ದೀಪಕ್ಕೂ ಹೋಗಲೊಂದು, ಬರಲೊಂದು, ಎರಡು ವೈರು. ಅದೂ ಉಪ್ಪುನೀರು ತಡೆಯಲು ತವರ ಲೇಪಿಸಿದ ತಾಮ್ರವಾದರೆ ಒಳ್ಳೆಯದು. 1972ರ ಅಂತರರಾಷ್ಟ್ರೀಯ ಕಡಲ ನಿಯಮದಂತೆ ಎಡಬದಿಗೆ ಕೆಂಪು, ಬಲಬದಿಗೆ ಹಸಿರು, ಹಿಂದಕ್ಕೆ ಬಿಳಿ. ಕತ್ತಲಲ್ಲಿ ಎದುರಿನ ದೋಣಿಯವರು ಈ ಬಣ್ಣ ನೋಡಿಯೇ ನೀವು ಬರುತ್ತಿದ್ದೀರೋ, ಅಡ್ಡ ಹೋಗುತ್ತಿದ್ದೀರೋ, ದೂರ ಸರಿಯುತ್ತಿದ್ದೀರೋ ಎಂದು ತಿಳಿಯುತ್ತಾರೆ. ಒಂದು ದೀಪ ಆರಿದರೆ ಅವರು ಓದುವುದೇ ತಪ್ಪಾಗುತ್ತದೆ. ದಕ್ಕೆಯಲ್ಲಿ ಕಲಿತ ಆ ಎಚ್ಚರವನ್ನು ಯಜಮಾನರು ಘಟ್ಟ ಹತ್ತಿಸಿ ತಂದು ಟ್ರೈಲರುಗಳಿಗೆ ಹಚ್ಚಿದ್ದಾರೆ.

ದೀಪದಿಂದ ಪ್ಲಗ್ಗಿನ ಅರ್ತ್ ಪಿನ್ನಿನವರೆಗೆ ಬೇರೆಯದೇ ವೈರು ಎಳೆಯುತ್ತಾರೆ, ಉಳಿದವಕ್ಕಿಂತ ದಪ್ಪನೆಯದು. ಯಾಕೆಂದರೆ ಎಲ್ಲ ದೀಪಗಳ ಕರೆಂಟೂ ಇದರಲ್ಲೇ ವಾಪಸಾಗಬೇಕು. ಬ್ರೇಕಿನ ಎರಡು 21, ಹಿಂದೀಪದ ಎರಡು 5, ಒಂದು ಇಂಡಿಕೇಟರಿನ 21. ಒಟ್ಟು 73 ವ್ಯಾಟು, ಅಂದರೆ ಆರು ಆಂಪಿಯರ್. ಪ್ಲಗ್ಗಿನೊಳಗಿನ ಸ್ಕ್ರೂಗಳನ್ನು ಕೆರೆದು, ಬಿಗಿದು, ವ್ಯಾಸಲೀನ್ ಸವರುತ್ತಾರೆ. ದೀಪದ ಬಳಿ ವೈರನ್ನು ಕೊಂಚ ಕೆಳಕ್ಕೆ ಬಾಗಿಸಿ ಮೇಲಕ್ಕೆ ಒಯ್ಯುತ್ತಾರೆ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ದೀಪದೊಳಗೆ ಹೋಗುವುದಿಲ್ಲ.

"ಹಿಂದಕ್ಕೋಗಿ ನೋಡ್ಕೊಂಡು ಬನ್ನಿ ಸಾರ್."

ನೀವು ರಸ್ತೆಯ ಅಂಚಿನಲ್ಲಿ ಐವತ್ತು ಹೆಜ್ಜೆ ಹಿಂದೆ ಹೋಗಿ ತಿರುಗುತ್ತೀರಿ. ಎರಡು ಕೆಂಪು ದೀಪ ಸಮನಾಗಿವೆ. ಬ್ರೇಕು: ಎರಡೂ ಜೋರಾಗುತ್ತವೆ. ಎಡ, ಬಲ: ಬೇರೆ ಯಾವುದೂ ಅಲುಗದೆ ಹಳದಿ ಮಾತ್ರ ಮಿಟುಕುತ್ತದೆ. ಟ್ರೈಲರ್ ಎಷ್ಟು ಅಗಲವಿದೆ, ನಿಂತಿದೆಯೋ ಸಾಗುತ್ತಿದೆಯೋ, ಯಾವ ಕಡೆ ತಿರುಗಲಿದೆ, ಎಲ್ಲವೂ ಇಲ್ಲಿಂದ ಗೊತ್ತಾಗುತ್ತದೆ. ಸೀಟಿನಲ್ಲಿ ಕೂತ ಹುಡುಗನಿಗೆ ಇದರಲ್ಲಿ ಒಂದೂ ಕಾಣುವುದಿಲ್ಲ. ಕೆಟ್ಟರೂ ಅವನಿಗೆ ತಿಳಿಯದು. ಹೆಡ್‌ಲೈಟ್ ಹೋದರೆ ಅದೇ ರಾತ್ರಿ ರಿಪೇರಿ ಆಗುತ್ತದೆ, ಹಿಂದೀಪ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಅದಕ್ಕೇ ಅದನ್ನು ಇನ್ನೊಬ್ಬರು ನಿಂತು ನೋಡಬೇಕು.

ಯಜಮಾನರು ಹಲಗೆಯ ಮೇಲಿನ ಸೀಮೆಸುಣ್ಣ ಒರೆಸಿ, ಹಿಂಬದಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸುತ್ತಾರೆ. ದೀಪ ಕೈಕೊಟ್ಟರೂ ಇದಿರಲಿ ಎಂದು, ದೀಪದ ಬದಲಿಗಲ್ಲ. ಹುಡುಗ ದುಡ್ಡು ಎಣಿಸಿ ಕೊಡುವಾಗ ಹೇಳುತ್ತಾರೆ: "ಹೊರಡೋಕ್ ಮುಂಚೆ ದಿನಾ ಒಂದು ಸತಿ ಮನೇರ್ನ ಹಿಂದೆ ನಿಲ್ಸಿ ಬ್ರೇಕು, ಎಡ, ಬಲ ನೋಡಿಸ್ಕೊ. ಪ್ಲಗ್ ಕಿತ್ತಾಗ ನೆಲಕ್ಕೆ ಬಿಡಬ್ಯಾಡ, ಮೇಲಕ್ ಕಟ್ಟು. ತಿಳೀತಾ?"

"ಆಯ್ತಣ್ಣ."

ದಿನಕ್ಕೆ ಎರಡು ನಿಮಿಷದ ಕೆಲಸ. ಕೊಬ್ಬರಿ, ಶುಂಠಿ, ಆಲೂಗಡ್ಡೆ ಹೊತ್ತು ಈ ದಾರಿಯಲ್ಲಿ ಓಡಾಡುವ ಪ್ರತಿಯೊಂದು ಟ್ರೈಲರಿನ ಮನೆಯಲ್ಲೂ ಹೊತ್ತು ಮುಳುಗುವ ಮುನ್ನ ಯಾರಾದರೂ ಒಬ್ಬರು ಅದನ್ನು ಮಾಡಲೇಬೇಕು.